ಎಂಜಿನ್ ಇಳಿಸಿದ ಮಳೆಗಾಲ

ಬೋಟಿನ ಎಂಜಿನ್ ಮುದಿಯಾಗಿದೆ ಎನ್ನುವುದು ಕಡಲಿಗೆ ಹೋಗುವವರಿಗಿಂತ ಮೊದಲು ದಡದಲ್ಲಿ ಕೂತು ಲೆಕ್ಕ ಬರೆಯುವವನಿಗೆ ಗೊತ್ತಾಗುತ್ತದೆ. ಡೀಸೆಲ್ ಚೀಟಿ, ಐಸ್ ಚೀಟಿ, ಬಲೆಯ ನೂಲು, ಕಲಾಸಿಗಳ ಬಾಟಾ, ಇವೆಲ್ಲ ಮೀನಿನ ಜೊತೆ ಏರುತ್ತವೆ, ಮೀನಿನ ಜೊತೆ ಇಳಿಯುತ್ತವೆ. ಇಳಿಯುವ ಮಾತೇ ಇಲ್ಲದೆ ಏರುತ್ತ ಹೋಗುವ ಬಾಬ್ತು ಒಂದೇ: ಎಂಜಿನ್ ಆಯಿಲ್. ಆಯಿಲ್ ಬದಲಿಸಿದ ಲೆಕ್ಕ ಬೇರೆ, ಅದು ಇಂತಿಷ್ಟು ಗಂಟೆಗೊಮ್ಮೆ ಬರುವ ಖರ್ಚು. ನಾನು ಹೇಳುತ್ತಿರುವುದು ನಡುನಡುವೆ ‘ಟಾಪ್’ ಎಂದಷ್ಟೇ ಗೀಚಿ ಕಳಿಸುವ ಚೀಟಿಗಳ ವಿಷಯ. ಮೊದಲು ತಿಂಗಳಿಗೊಂದು ಡಬ್ಬಿ, ಆಮೇಲೆ ವಾರಕ್ಕೊಂದು, ಕೊನೆಗೆ ಡೀಸೆಲ್ ತುಂಬಿಸಲು ಹೋದಾಗಲೆಲ್ಲ ಜೊತೆಗೊಂದು. ಸೋರಿದ್ದರೆ ಬೋಟಿನ ತಳದಲ್ಲಿ ಕಾಣಬೇಕು. ಅಲ್ಲಿ ಕಾಣದಿದ್ದರೆ ಎಂಜಿನ್ನೇ ಅದನ್ನು ಕುಡಿದು ಹೊಗೆ ಮಾಡಿ ಬಿಟ್ಟಿದೆ ಎಂದು ಲೆಕ್ಕ.

ಮಲ್ಪೆ ಬಂದರಿನಲ್ಲಿ ನಮ್ಮದೊಂದು ಮರದ ಟ್ರಾಲ್ ಬೋಟು ಉಂಟು. ಮಾವ ಕಟ್ಟಿಸಿದ್ದು. ಅಡಿಮರ ಕಿರಾಲಬೋಗಿ, ಮೈ ಹಲಗೆ ಹೆಬ್ಬಲಸು. ನಸುಕಿಗೆ ಹೋಗಿ ಸಂಜೆಗೆ ಬರುವ ಸಣ್ಣ ಬೋಟು. ವಾರಗಟ್ಟಲೆ ಆಳಸಮುದ್ರದಲ್ಲಿ ಇರುವ ದೊಡ್ಡವುಗಳ ಪಕ್ಕ ಕಟ್ಟಿದರೆ ಅವುಗಳ ಟೈರಿನ ಮಟ್ಟಕ್ಕೆ ಇದರ ಕ್ಯಾಬಿನ್. ಮಾವ ಹೋದ ಮೇಲೆ ಅರ್ಧ ಭಾವನಿಗೆ, ಅರ್ಧ ನನ್ನ ಹೆಂಡತಿಗೆ ಬಂತು. ಹೆಂಡತಿಯ ಪಾಲಿನ ಜೊತೆ ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂತು. ನನಗೆ ಕಡಲು ಆಗಿಬರುವುದಿಲ್ಲ. ಅಳಿವೆ ದಾಟುವ ಮೊದಲೇ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಬೋಟಿನ ಬಗ್ಗೆ ನನ್ನ ಜ್ಞಾನವೆಲ್ಲ ಅದು ಕಟ್ಟಿ ಹಾಕಿದ್ದಾಗ, ಇಲ್ಲವೇ ದಡಕ್ಕೆ ಎಳೆದಿಟ್ಟಾಗ ಗಳಿಸಿದ್ದು.

ಅದರೊಳಗೆ ಇದ್ದದ್ದು ಲೇಲ್ಯಾಂಡಿನ 370. ಒಂದು ಕಾಲಕ್ಕೆ ಘಟ್ಟ ಹತ್ತುತ್ತಿದ್ದ ಲಾರಿಗಳ ಆರು ಸಿಲಿಂಡರಿನ ಎಂಜಿನ್ ಅದು; 370 ಎಂದರೆ ಆ ಆರೂ ಸಿಲಿಂಡರುಗಳ ಒಟ್ಟು ಹೊಟ್ಟೆ ಅಷ್ಟು ಘನ ಇಂಚು, ನಮ್ಮ ಲೆಕ್ಕದಲ್ಲಿ ಆರು ಲೀಟರಿನ ಚೂರು ಮೇಲೆ. ರೇಡಿಯೇಟರ್ ತೆಗೆದು, ಉಪ್ಪುನೀರಿನಿಂದ ಸಿಹಿನೀರನ್ನು ತಣಿಸುವ ಹೀಟ್ ಎಕ್ಸ್‌ಚೇಂಜರ್ ಕೂರಿಸಿ, ಲಾರಿಯ ಗೇರ್ ಬಾಕ್ಸಿನ ಜಾಗಕ್ಕೆ ಬೋಟಿನದ್ದನ್ನು ಕಟ್ಟಿದರೆ ಅದೇ ಎಂಜಿನ್ ಕಡಲಿಗಿಳಿಯುತ್ತದೆ. ಈ ತೀರದಲ್ಲಿ ಆ ಗಾತ್ರದ ಬೋಟುಗಳಿಗೇ ‘ತ್ರಿಸೆವೆಂಟಿ’ ಎನ್ನುವ ಹೆಸರು ನಿಂತುಬಿಟ್ಟಿದೆ. ಹೊಸದಾಗಿದ್ದಾಗ ತೊಂಬತ್ತು ಎಚ್‌ಪಿಯ ಆಸುಪಾಸು ಕೊಡುತ್ತಿದ್ದದ್ದು ಈಗ ಎಷ್ಟು ಕೊಡುತ್ತಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವುದು ಅದಕ್ಕೆ ಮಾಡುವ ಅವಮಾನ ಎಂಬಂತೆ ಬೋಟು ನಡೆಸುವ ತಂಡೇಲ ನಡೆದುಕೊಳ್ಳುತ್ತಿದ್ದ.

ಆದರೆ ಹೊಗೆ ಬಾಯಿ ಮುಚ್ಚಿಕೊಂಡಿರುವುದಿಲ್ಲ. ಕಪ್ಪು ಹೊಗೆ ಬಂದರೆ ಎಂಜಿನ್ ಮೇಲೆ ಹೊರೆ ಹೆಚ್ಚಾಗಿದೆ, ಹಾಕಿದ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗಿನ ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಒಂದೋ ಉರಿಯದ ಡೀಸೆಲ್, ಇಲ್ಲವೇ ಒಳಗೆ ನೀರು. ನೀಲಿ ಹೊಗೆ ಬಂತೋ, ಪಿಸ್ಟನ್ ರಿಂಗು ಮತ್ತು ಲೈನರ್ ನಡುವಿನ ಸಂಬಂಧ ಹಳಸಿದೆ, ಕೆಳಗಿನ ಆಯಿಲ್ ಮೇಲೇರಿ ಉರಿಯುತ್ತಿದೆ. ನಮ್ಮದು ಮೂರೂ ಬಣ್ಣ ಬಿಡುತ್ತಿತ್ತು. ಆಯಿಲ್ ತುಂಬುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಭುಸುಭುಸು ಹೊಗೆ. ಪಿಸ್ಟನ್ನನ್ನು ಕೆಳಗೆ ತಳ್ಳಬೇಕಾದ ಒತ್ತಡ ಪಕ್ಕದಿಂದ ನುಸುಳಿ ಹೊಟ್ಟೆಗಿಳಿಯುತ್ತಿತ್ತು. ದಕ್ಕೆಯಲ್ಲಿ ಕೂತ ಪ್ರತಿಯೊಬ್ಬನಿಗೂ ಇದಕ್ಕೊಂದು ಮದ್ದು ಗೊತ್ತಿತ್ತು. ನಾಝಲ್ ತೆಗೆಸಿ, ಪಂಪು ಕೆಲಿಬ್ರೇಶನ್ ಮಾಡಿಸಿ, ದಪ್ಪ ಆಯಿಲ್ ಹಾಕಿ. ಡೀಸೆಲ್ಲೇ ಕಲಬೆರಕೆ ಎಂದವರೂ ಉಂಟು. ಬೋಟು ಇಲ್ಲದವರ ಸಲಹೆಗಳು ಹೆಚ್ಚು ಖರ್ಚಿನವು.

ಮಿಸ್ತ್ರಿ ಬಂದು ಹೆಡ್ ಇಳಿಸಿದ. ಲೈನರಿನ ಒಳಗೋಡೆಗೆ ಉಗುರು ತಾಗಿಸಿ ಮೇಲಿಂದ ಕೆಳಗೆಳೆದ. ರಿಂಗು ಹಿಂತಿರುಗುವ ಜಾಗದಲ್ಲಿ ಉಗುರು ಟಕ್ಕೆಂದು ಒಂದು ಮೆಟ್ಟಿಲಿಗೆ ಸಿಕ್ಕಿತು. ಲೈನರ್ ಸೆಟ್ಟು ಬದಲಿಸಬಹುದು, ಹಿಂದೆ ಬದಲಿಸಿಯೂ ಇದ್ದೆವು. ಆದರೆ ಈ ಬಾರಿ ಬ್ಲಾಕಿನ ಒಳಗೇ ನೀರು ಓಡಾಡುವ ಕಡೆ ತುಕ್ಕು ತಿಂದು ಹೊಂಡ ಬಿದ್ದಿತ್ತು. “ಇದಕ್ಕೆ ಹಾಕುವ ದುಡ್ಡು ದುಡ್ಡಲ್ಲ, ದಕ್ಷಿಣೆ” ಎಂದ ಮಿಸ್ತ್ರಿ. ಭಾವನ ಮುಖ ಬಾಡಲಿಲ್ಲ. ನಿಜ ಹೇಳಬೇಕೆಂದರೆ ಅರಳಿತು. ಅವನು ಈ ಮಾತಿಗೇ ಕಾಯುತ್ತಿದ್ದ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಈ 61 ದಿನ ಮೀನಿಗೆ ಮರಿ ಮಾಡುವ ಕಾಲ, ಬೋಟಿಗೆ ಆಸ್ಪತ್ರೆ. ಉದ್ಯಾವರ ಹೊಳೆಯ ದಡದುದ್ದಕ್ಕೂ ಬೋಟುಗಳನ್ನು ಎಳೆದು, ಮಡಲು, ಟಾರ್ಪಾಲು, ಹಳೇ ಬ್ಯಾನರು ಹೊದಿಸಿ ಇಡುತ್ತಾರೆ. ಒಳಗಿನಿಂದ ಗ್ರೈಂಡರ್ ಸದ್ದು, ವೆಲ್ಡಿಂಗ್ ಬೆಳಕು, ಹೊರಗೆ ಧೋ ಎಂದು ಮಳೆ. ಹೊಸ ಎಂಜಿನ್ ಕೂರಿಸುವವರು ಈ ಎರಡು ತಿಂಗಳಲ್ಲೇ ಮುಗಿಸಬೇಕು. ಆಗಸ್ಟಿಗೆ ತಪ್ಪಿದರೆ ವರ್ಷದ ಒಳ್ಳೆಯ ಮೀನು ತಪ್ಪಿತು.

ಯಾವ ಎಂಜಿನ್ ಎನ್ನುವುದರ ಬಗ್ಗೆ ಮನೆಯಲ್ಲಿ ನಡೆದ ಚರ್ಚೆಯಷ್ಟು ನನ್ನ ಮಗಳ ಮದುವೆಗೂ ನಡೆದಿರಲಿಲ್ಲ. ಭಾವನಿಗೆ 280 ಎಚ್‌ಪಿ ಬೇಕು. ಚೀನಾದ ಎಂಜಿನ್‌ಗಳು ಬಂದ ಮೇಲೆ ಬಂದರಿನಲ್ಲಿ ಎಚ್‌ಪಿಯ ಪೈಪೋಟಿಯೇ ಶುರುವಾಗಿದೆ. ತೊಂಬತ್ತು ನೂರರಲ್ಲಿ ಸಂಸಾರ ಸಾಗಿಸಿದವರ ಮಕ್ಕಳು ಮುನ್ನೂರು ನಾನ್ನೂರರ ಮಾತಾಡುತ್ತಾರೆ. ಭಾವನ ವಾದ ಪೊಳ್ಳೆಂದು ಹೇಳಲಾರೆ. “ಬಂಗುಡೆ ಎದ್ದಿದೆ ಅಂತ ವಯರ್‌ಲೆಸ್‌ನಲ್ಲಿ ಗೊತ್ತಾಗ್ತದೆ. ನಾವು ಹೋಗಿ ಮುಟ್ಟುವಷ್ಟರಲ್ಲಿ ಉಳಿದವರು ಬಲೆ ಎತ್ತಿ ಆಗಿರ್ತದೆ. ವಾಪಸು ಬರುವಾಗಲೂ ಅಷ್ಟೇ. ಮೊದಲು ಬಂದವನಿಗೆ ಏಲಂನಲ್ಲಿ ರೇಟು, ಕೊನೆಗೆ ಬಂದವನದ್ದು ಫಿಶ್‌ಮೀಲ್‌ಗೆ.” ಇದು ಲೆಕ್ಕದ ಪುಸ್ತಕವೂ ಒಪ್ಪುವ ಮಾತು. ತಂಡೇಲ ಎಲ್ಲ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ, “ಮೂಗಿಗಿಂತ ಮೂಗುತಿ ಭಾರ ಆಗ್ತದೆ” ಎಂದ. ಮತ್ತೆ ಮಾತಾಡಲಿಲ್ಲ.

ಮೂಗುತಿಯ ಲೆಕ್ಕ ಹಾಕಲು ನಾನು ಕೂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರು ತೊಟ್ಟಿಯಲ್ಲಿ ಸಣ್ಣ ಸಣ್ಣ ಹಡಗಿನ ಮಾದರಿಗಳನ್ನು ಎಳೆದು ಎಳೆದು ನೋಡಿದ. ನೀರು ಸೀಳಿಕೊಂಡು ಹೋಗುವ ಬೋಟು ತನ್ನ ಮೂತಿಯಲ್ಲೊಂದು ಅಲೆ ಎಬ್ಬಿಸುತ್ತದೆ. ವೇಗ ಏರಿದಂತೆ ಆ ಅಲೆ ಉದ್ದವಾಗುತ್ತ ಹೋಗುತ್ತದೆ. ಅಲೆಯ ಉದ್ದ ಬೋಟಿನ ಉದ್ದಕ್ಕೆ ಸಮವಾದಾಗ ಬೋಟಿನ ಮೂತಿ ಒಂದು ಅಲೆಯ ತುದಿಯಲ್ಲಿ, ಹಿಂಭಾಗ ಇನ್ನೊಂದರ ತುದಿಯಲ್ಲಿ. ಅದಕ್ಕಿಂತ ಜೋರು ಹೋಗಬೇಕೆಂದರೆ ತಾನೇ ಎಬ್ಬಿಸಿದ ಗುಡ್ಡವನ್ನು ತಾನೇ ಹತ್ತಬೇಕು. ನೀರಿನ ಮಟ್ಟದಲ್ಲಿ ಬೋಟಿನ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. ನಮ್ಮದು 36 ಅಡಿ. ವರ್ಗಮೂಲ 6. ಗುಣಿಸಿದರೆ ಎಂಟು ನಾಟ್, ಗಂಟೆಗೆ ಹದಿನೈದು ಕಿಲೋಮೀಟರ್. ಹಳೇ ಎಂಜಿನ್ ಯೌವನದಲ್ಲಿ ಏಳೂವರೆ ಹೋಗುತ್ತಿತ್ತು. ಅಂದರೆ ಮೂರು ಪಟ್ಟು ಎಚ್‌ಪಿ ತಂದು ಕೂರಿಸಿದರೂ ಭಾವನಿಗೆ ಸಿಗುವ ಲಾಭ ಅರ್ಧ ನಾಟು, ಬಹಳವೆಂದರೆ ಒಂದು. ಉಳಿದದ್ದೆಲ್ಲ ಅಲೆ ಎಬ್ಬಿಸಲು.

ಡೀಸೆಲ್ಲಿನ ಲೆಕ್ಕ ಇನ್ನೂ ಸುಲಭ. ಒಂದು ಎಚ್‌ಪಿ ಒಂದು ಗಂಟೆ ದುಡಿದರೆ ಸುಮಾರು 0.2 ಲೀಟರ್ ಡೀಸೆಲ್ ಬೇಕು. ಎಂಜಿನ್ ಯಾವ ದೇಶದ್ದಾದರೂ ಈ ಅಂಕಿ ಹೆಚ್ಚು ಆಚೀಚೆ ಆಗುವುದಿಲ್ಲ. 280 ಎಚ್‌ಪಿಯನ್ನು ಪೂರ್ತಿ ಓಡಿಸಿದರೆ ಗಂಟೆಗೆ 56 ಲೀಟರ್. 120 ಎಚ್‌ಪಿಗೆ 24. ಪೂರ್ತಿ ಓಡಿಸುವುದಿಲ್ಲ ಎಂದು ಭಾವ ಆಣೆ ಇಟ್ಟ. ಪೂರ್ತಿ ಓಡಿಸದ ಎಂಜಿನ್ನಿಗೆ ಪೂರ್ತಿ ದುಡ್ಡು ಏಕೆ ಕೊಡಬೇಕು ಎಂದು ನನ್ನ ಹೆಂಡತಿ ಅಡಿಗೆಮನೆಯಿಂದ ಕೇಳಿದಳು. ಅಲ್ಲದೆ ಬಲೆ ಎಳೆಯುವುದು ಮೂರು ನಾಟಿನ ವೇಗದಲ್ಲಿ. ಅಲ್ಲಿ ಬೇಕಾದದ್ದು ಓಟವಲ್ಲ, ಎಳೆತ. ಎಳೆತ ಬರುವುದು ಎಂಜಿನ್ನಿನ ಎಚ್‌ಪಿಯಿಂದ ಎಷ್ಟೋ ಅಷ್ಟೇ ಕೆಳಗಿನ ಫ್ಯಾನಿನಿಂದ. ಬಂದರಿನಲ್ಲಿ ಪ್ರೊಪೆಲರ್‌ಗೆ ಫ್ಯಾನು ಎಂದೇ ಹೇಳುವುದು, ನಾನೂ ಹಾಗೇ ಹೇಳುತ್ತೇನೆ. ಕಡೆಗೆ 120ಕ್ಕೆ ಒಪ್ಪಿಗೆಯಾಯಿತು. ಎಲೆಕ್ಟ್ರಾನಿಕ್ ಪಂಪಿನದ್ದು ಬೇಡ, ಮೆಕ್ಯಾನಿಕಲ್ ಇರಲಿ ಎಂದು ತಂಡೇಲ ಒಂದೇ ಒಂದು ಷರತ್ತು ಹಾಕಿದ. ನಡುಕಡಲಲ್ಲಿ ಕೈಕೊಟ್ಟರೆ ಸ್ಪ್ಯಾನರ್‌ಗೆ ಬಗ್ಗುವಂಥದ್ದು ಬೇಕು, ಲ್ಯಾಪ್‌ಟಾಪ್‌ಗೆ ಬಗ್ಗುವಂಥದ್ದಲ್ಲ ಎಂಬುದು ಅವನ ವಾದ. ನನಗೂ ಸರಿ ಕಂಡಿತು.

ಬೋಟಿಗೂ ಎಂಜಿನ್ನಿಗೂ ಆಗಿಬರುವುದಿಲ್ಲ ಎಂಬ ತಕರಾರು ಮೊದಲಿನಿಂದಲೂ ಇದೆ. 1886ರಲ್ಲಿ ಗಾಟ್ಲೀಬ್ ಡೈಮ್ಲರ್ ತನ್ನ ಪೆಟ್ರೋಲ್ ಎಂಜಿನ್ನನ್ನು ದೋಣಿಯೊಂದಕ್ಕೆ ಕೂರಿಸಿ ಜರ್ಮನಿಯ ನೆಕಾರ್ ನದಿಯಲ್ಲಿ ಬಿಟ್ಟಾಗ, ಸ್ಫೋಟವಾಗುತ್ತದೆಂದು ಜನ ಹೆದರಿದರಂತೆ. ಅವನು ದೋಣಿಯ ಸುತ್ತ ಪಿಂಗಾಣಿ ಇನ್ಸುಲೇಟರ್ ಸಿಕ್ಕಿಸಿ, ತಂತಿ ಎಳೆದು, ಇದು ವಿದ್ಯುತ್ತಿನಿಂದ ಓಡುವುದು ಎಂದು ನಂಬಿಸಿದ ಎನ್ನುತ್ತಾರೆ. ಡೀಸೆಲ್ ಎಂಜಿನ್ನಿನ ಯಜಮಾನನ ಕತೆ ಇನ್ನೂ ವಿಚಿತ್ರ. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನ್ ಓಡಿಸಿ ತೋರಿಸಿದ. 1912ರ ಹೊತ್ತಿಗೆ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ಹಡಗು ಆ ಬಗೆಯ ಎಂಜಿನ್ನಿನಿಂದಲೇ ಮಹಾಸಾಗರಕ್ಕಿಳಿಯಿತು. ಮರುವರ್ಷ ಸೆಪ್ಟೆಂಬರ್ 29ರ ರಾತ್ರಿ ಆಂಟ್ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಡೀಸೆಲ್ ಕಾಣೆಯಾದ. ಆಮೇಲೆ ಸಿಕ್ಕಿದ್ದು ಹೆಣ. ಅವನು ಹತ್ತಿದ್ದು ಉಗಿ ಹಡಗು.

ನಮ್ಮ ಕಡಲಿಗೆ ಎಂಜಿನ್ ಬಂದದ್ದು ನಾರ್ವೆಯವರ ಕೈ ಹಿಡಿದು. 1952ರ ಒಪ್ಪಂದದ ಮೇಲೆ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಕೆಲಸ ಶುರುವಾಯಿತು. ಊರಿನವರ ಬಳಿ ಇರುವ ದೋಣಿಗಳಿಗೇ ಎಂಜಿನ್ ಕೂರಿಸಿದರಾಯಿತು ಎಂಬುದು ಮೊದಲ ಯೋಚನೆ. ಅದು ನಡೆಯಲಿಲ್ಲ. ಎಂಜಿನ್ನನ್ನು ನಡುವೆ ಇಟ್ಟುಕೊಂಡು ಸುತ್ತ ಹೊಸ ಬೋಟೇ ಕಟ್ಟಬೇಕಾಯಿತು. ಆ ಯೋಜನೆ 60ರ ದಶಕದಲ್ಲಿ ಕಾರವಾರಕ್ಕೂ ಬಂತು. ಮಾವನ ಮನೆಯವರು ಆಗ ರಂಪಣಿ ಎಳೆಯುತ್ತಿದ್ದರು. ದಡದಲ್ಲಿ ನಿಂತ ಊರಿಗೆ ಊರೇ ಕೈಯಿಂದ ಎಳೆಯುವ ಬಲೆ ಅದು. 70ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು ಹೊರಗೇ ಮೀನು ಬಳಿದುಕೊಂಡ ಮೇಲೆ ರಂಪಣಿಗೆ ಉಳಿದದ್ದು ಹಗ್ಗ ಮಾತ್ರ. ಎಂಜಿನ್ ಬೇಕೆಂದು ಮಾವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಹಳೇ ಎಂಜಿನ್ ಇಳಿಸುವ ದಿನ ಕ್ಯಾಬಿನ್ನಿನ ಹಲಗೆ ಕಳಚಿದರು, ಚೈನ್ ಬ್ಲಾಕ್ ಕಟ್ಟಿದರು, ಆಮೇಲೆ ಕ್ರೇನು ಬಂತು. ಇದನ್ನೆಲ್ಲ ಹೆಚ್ಚು ಬರೆಯುವಂತಿಲ್ಲ, ಭಾರವಾದದ್ದನ್ನು ಎತ್ತುವಾಗ ಎಲ್ಲ ಕಡೆಯೂ ಒಂದೇ ಬಗೆಯ ಕೂಗಾಟ. ಬರೆಯಬೇಕಾದದ್ದು ಎಂಜಿನ್ ಎದ್ದ ಮೇಲೆ ಕೆಳಗೆ ಕಂಡದ್ದು. ಅಷ್ಟು ವರ್ಷ ಬೆಳಕು ಕಾಣದ ಆ ಗುಂಡಿಯಲ್ಲಿ ಅಂಗೈ ದಪ್ಪದ ಕರಿ ಮಡ್ಡಿ. ಅದನ್ನು ಬಳಿದು ಬಕೆಟಿಗೆ ತುಂಬುತ್ತಿದ್ದ ಹುಡುಗನ ಕೈಗೆ ಒಂದೊಂದೇ ಸಿಕ್ಕವು: ನಟ್ಟು ಬೋಲ್ಟುಗಳ ರಾಶಿ, ಬೀಡಿ ಕಟ್ಟಿನ ತಗಡು ಡಬ್ಬಿ, ಹಲ್ಲು ಮುರಿದ ಬಾಚಣಿಗೆ, ಕಡೆಗೆ ಒಂದು 14-15ರ ಸ್ಪ್ಯಾನರ್, 16-17, 18-19. ಭಾವ ಮೌನವಾದ. ಒಂದು ಕಾಲದಲ್ಲಿ ನಮ್ಮಲ್ಲಿದ್ದ ಹೊನ್ನಾವರ ಕಡೆಯ ಡ್ರೈವರ್ ಹುಡುಗನ ಮೇಲೆ ಸ್ಪ್ಯಾನರ್ ಸೆಟ್ಟು ಕದ್ದನೆಂದು ಭಾವ ಕೂಗಾಡಿ, ಸಂಬಳದಲ್ಲಿ ಹಿಡಿದದ್ದಕ್ಕೆ ಅವನು ಬೋಟು ಬಿಟ್ಟು ಹೋಗಿದ್ದ. ಈಗ ಗೋವಾದಲ್ಲಿ ಬೇರೆ ಬೋಟಿನಲ್ಲಿದ್ದಾನೆ. ಭಾವ ಅಲ್ಲೇ ಮಳೆಯಲ್ಲಿ ನಿಂತು ನಂಬರ್ ಹುಡುಕಿಸಿ ಫೋನು ಹಚ್ಚಿದ. ಆ ಕಡೆಯಿಂದ ನಗು ನಮಗೂ ಕೇಳಿಸಿತು. “ಬಡ್ಡಿ ಸೇರಿಸಿ ಕಳಿಸಿ ಸಾವ್ಕಾರ್ರೆ” ಎಂದನಂತೆ. ಭಾವ ಬಡ್ಡಿ ಸೇರಿಸಿಯೇ ಕಳಿಸಿದ. ನಾನು ಅದನ್ನು ಎಂಜಿನ್ ಖರ್ಚಿನ ಕೆಳಗೆ ಬರೆದೆ.

ಮಡ್ಡಿ ಹೋದ ಮೇಲೆ ಬೆಡ್ ಕಂಡಿತು. ಎಂಜಿನ್ ಕೂರುವ ಎರಡು ದಪ್ಪ ಮರದ ತೊಲೆಗಳಿಗೆ ಬೆಡ್ ಎನ್ನುತ್ತಾರೆ. ಎಡಗಡೆಯದು ಗಟ್ಟಿ. ಬಲಗಡೆಯದಕ್ಕೆ ಮಿಸ್ತ್ರಿ ಸ್ಕ್ರೂಡ್ರೈವರ್ ಒತ್ತಿದ; ಅದು ತುದಿಯಿಂದ ಹಿಡಿಯ ತನಕ ಒಳಗೆ ಹೋಯಿತು. ಡೀಸೆಲ್ಲಿನಲ್ಲಿ ನೆಂದ ಮರ ಕೊಳೆಯುವುದಿಲ್ಲ, ಮಳೆಯ ಸಿಹಿನೀರು ತೊಟ್ಟಿಕ್ಕಿದ ಮರ ಕೊಳೆಯುತ್ತದೆ; ಮೇಲಿನ ಕ್ಯಾಬಿನ್ನಿನ ಬಿರುಕಿನಿಂದ ಎಷ್ಟು ಮಳೆಗಾಲದ ನೀರು ಅದೇ ಒಂದು ಜಾಗಕ್ಕೆ ಬಿದ್ದಿತ್ತೋ. ಹಳೇ ಎಂಜಿನ್ ನಾಲ್ಕು ಕಾಲಿನಲ್ಲಿ ಮೂರನ್ನೇ ಊರಿ ನಿಂತಿತ್ತು. ಅದರ ಕುಲುಕಾಟಕ್ಕೆ ಶಾಫ್ಟು ಒಗ್ಗಿಕೊಂಡು ಒಂದು ಕಡೆ ಸವೆದಿತ್ತು, ಶಾಫ್ಟಿನ ಓಲಾಟಕ್ಕೆ ಹಿಂದಿನ ಬುಷ್ ಒಗ್ಗಿಕೊಂಡು ಮೊಟ್ಟೆಯಾಕಾರವಾಗಿತ್ತು, ಬುಷ್ ಸಡಿಲವಾದದ್ದಕ್ಕೆ ಗ್ಲ್ಯಾಂಡಿನಿಂದ ನೀರು ಹೆಚ್ಚು ಬರುತ್ತಿತ್ತು, ನೀರು ಬಂದದ್ದಕ್ಕೆ ಪಂಪು ಎರಡಾಗಿದ್ದವು. ಹೊಸದೊಂದನ್ನು ತಂದು ಇದರ ನಡುವೆ ಕೂರಿಸಿದರೆ ಅದು ಈ ಯಾವ ಹೊಂದಾಣಿಕೆಗೂ ಬಗ್ಗುವುದಿಲ್ಲ. ಅದಕ್ಕೆ ನೇರ ಶಾಫ್ಟು ಬೇಕು, ದುಂಡಗಿನ ಬುಷ್ ಬೇಕು, ಸಮನಾದ ಬೆಡ್ ಬೇಕು. ಎಂಜಿನ್ ಬದಲಿಸುತ್ತೇವೆಂದು ಹೊರಟವರು ಎಂಜಿನ್ನಿನ ಹೊರತು ಉಳಿದದ್ದನ್ನೆಲ್ಲ ಬದಲಿಸುತ್ತ ಮಳೆಗಾಲ ಕಳೆದೆವು. ಎಂಜಿನ್ನಿನ ಬೆಲೆ ಅಂಗಡಿಯವನು ಹೇಳಿದ್ದೇ ನಿಂತಿತು. ಉಳಿದದ್ದು ಅದನ್ನು ಮೀರಿತು. ಹಳೇ ಬೋಟಿಗೆ ಹೊಸ ಎಂಜಿನ್ ಹಾಕಿಸುವವರು ಇದನ್ನು ಮೊದಲೇ ಕೇಳಿ ತಿಳಿದಿರುತ್ತಾರೆ, ಆದರೂ ಹಾಕಿಸುತ್ತಾರೆ. ಹೊಸ ಬೋಟು ಕಟ್ಟಿಸಲು ಹೊರಟವನ ಲೆಕ್ಕ ನೋಡಿದರೆ ಅದೂ ಸರಿಯೇ.

ಗೇರ್ ಬಾಕ್ಸಾದರೂ ಹಳೆಯದೇ ಇರಲಿ ಎಂದು ನಾನು ಒಂದು ಕ್ಷೀಣ ಪ್ರಯತ್ನ ಮಾಡಿದೆ. ಮಿಸ್ತ್ರಿ ಬೋಟಿನ ಹೊಟ್ಟೆಯ ಮೇಲೆ ಚಾಕ್‌ಪೀಸಿನಲ್ಲಿ ಲೆಕ್ಕ ಬರೆದ. ಹಳೇ ಎಂಜಿನ್ ನಿಮಿಷಕ್ಕೆ 1800 ಸುತ್ತಿನಲ್ಲಿ ದುಡಿಯುತ್ತಿತ್ತು, ಗೇರು ಮೂರಕ್ಕೊಂದು, ಫ್ಯಾನಿಗೆ ಸಿಗುತ್ತಿದ್ದದ್ದು 600. ಹೊಸದು 2200 ಸುತ್ತಿನದ್ದು. ಅದೇ ಗೇರಿಗೆ ಕಟ್ಟಿದರೆ ಫ್ಯಾನು 733 ತಿರುಗಬೇಕು. ಫ್ಯಾನಿನ ಹಸಿವು ವೇಗದ ಘನದಂತೆ ಏರುತ್ತದೆ. ವೇಗ ಒಂದೂಕಾಲು ಪಟ್ಟಿನ ಹತ್ತಿರ ಆದರೆ ಹಸಿವು ಸುಮಾರು 1.8 ಪಟ್ಟು. ತೊಂಬತ್ತು ಎಚ್‌ಪಿಗೆ ತೃಪ್ತಿಯಾಗಿದ್ದ ಫ್ಯಾನು 160 ದಾಟಿ ಕೇಳುತ್ತದೆ, ಕೊಡಲು ನಮ್ಮಲ್ಲಿರುವುದು 120. ಎಂಜಿನ್ ತನ್ನ ವೇಗ ಮುಟ್ಟಲಾರದೆ, ಒದ್ದಾಡಿ, ಕಪ್ಪು ಹೊಗೆ ಬಿಟ್ಟು, ಕಾಯ್ದು, ಬೇಗ ಸಾಯುತ್ತದೆ. ಮೂರೂವರೆಗೊಂದರ ಗೇರು ಹಾಕಿದರೆ ಫ್ಯಾನಿಗೆ 630ರ ಹತ್ತಿರ, ಹಸಿವು ನೂರಮೂರು ನೂರನಾಲ್ಕು ಎಚ್‌ಪಿ, ಎಂಜಿನ್ನಿಗೆ ಉಸಿರಾಡಲು ಜಾಗ. ದೊಡ್ಡ ಫ್ಯಾನು ಹಾಕೋಣವೇ ಎಂದು ಭಾವ ಕೇಳಿದ್ದಕ್ಕೆ ಮಿಸ್ತ್ರಿ ಅವನನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ರೆಕ್ಕೆಯ ತುದಿಗೂ ಬೋಟಿನ ಮೈಗೂ ನಡುವೆ ಕೈಯಿಟ್ಟು ತೋರಿಸಿದ. ನಾಲ್ಕು ಬೆರಳು ಹೋಗುತ್ತಿತ್ತು. ಅದಕ್ಕಿಂತ ಹತ್ತಿರ ಬಂದರೆ ಪ್ರತಿ ಸುತ್ತಿಗೂ ನೀರು ಹಲಗೆಗೆ ಬಡಿಯುತ್ತದೆ. ಮಾವ ಕಟ್ಟಿಸಿದಾಗಲೇ ಅಲ್ಲಿ ಎಷ್ಟು ದೊಡ್ಡ ಫ್ಯಾನು ತಿರುಗಬಹುದು ಎನ್ನುವುದು ತೀರ್ಮಾನವಾಗಿತ್ತು. ಚಾಕಿನ ಆ ಲೆಕ್ಕವನ್ನು ಬಣ್ಣ ಬಳಿಯುವವರು ಅಳಿಸುವ ಮೊದಲು ಫೋಟೋ ತೆಗೆದಿಟ್ಟುಕೊಂಡಿದ್ದೇನೆ.

ಇಡೀ ಕೆಲಸದಲ್ಲಿ ನನ್ನ ಕಣ್ಣಿಗೆ ಕಟ್ಟಿದಂತೆ ಉಳಿದದ್ದು ಅಲೈನ್‌ಮೆಂಟ್. ಗೇರ್ ಬಾಕ್ಸಿನ ಬಾಯಲ್ಲೊಂದು ಉಕ್ಕಿನ ತಟ್ಟೆ, ಶಾಫ್ಟಿನ ತುದಿಯಲ್ಲೊಂದು. ಎರಡನ್ನೂ ಮುಖಕ್ಕೆ ಮುಖ ತಂದು ಬೋಲ್ಟು ಬಿಗಿದರೆ ಕಪ್ಲಿಂಗ್. ಬಿಗಿಯುವ ಮೊದಲು ಎರಡು ಮುಖಗಳ ನಡುವಿನ ಸಂದು ಸುತ್ತಲೂ ಒಂದೇ ಇರಬೇಕು. ಆರಿಂಚಿನ ತಟ್ಟೆಗೆ ಹೆಚ್ಚೆಂದರೆ 0.15 ಮಿಲಿಮೀಟರ್ ವ್ಯತ್ಯಾಸ, ಅಂದರೆ ನಾವು ಬರೆಯುವ ಕಾಗದದ ಒಂದೂವರೆ ಹಾಳೆಯ ದಪ್ಪ. ಮಿಸ್ತ್ರಿ ಎಂಜಿನ್ನಿನ ಪಕ್ಕದ ಮೊಣಕೈ ಅಗಲದ ಜಾಗದಲ್ಲಿ ಒಂದು ಮಗ್ಗುಲಾಗಿ ಮಲಗಿದ. ಬಾಯಲ್ಲಿ ಟಾರ್ಚು, ಕೈಯಲ್ಲಿ ಫೀಲರ್ ಗೇಜು. ಒಂದರ ಹಿಂದೊಂದು ತೆಳು ಉಕ್ಕಿನ ನಾಲಿಗೆಗಳನ್ನು ಸಂದಿಗೆ ತೂರಿಸುವುದು: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಹೊಕ್ಕರೆ ಮುಂದಿನದ್ದು, ತಡೆದರೆ ಹಿಂದಿನದ್ದು. ನಾಲಿಗೆಯ ಮೇಲೆ ಕೊರೆದ ಸಂಖ್ಯೆ ಅವನಿಗೆ ಕಾಣಿಸುತ್ತಿರಲಿಲ್ಲ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ. ಓದಲು ನನ್ನನ್ನು ಕರೆದರು. ಇಷ್ಟು ವರ್ಷದ ಪಾಲುದಾರಿಕೆಯಲ್ಲಿ ಎಂಜಿನ್ ರೂಮಿಗೆ ನನ್ನನ್ನು ಕೆಲಸಕ್ಕೆಂದು ಕರೆದದ್ದು ಅದೇ ಮೊದಲು. ಮೇಲೆ 0.10, ಕೆಳಗೆ 0.45. ಅಂದರೆ ಎಂಜಿನ್ನಿನ ಮೂತಿ ಎದ್ದು ಕೂತಿದೆ. ಮುಂದಿನ ಕಾಲುಗಳ ಸ್ಕ್ರೂ ಒಂದು ಎಳೆ ತಿರುಗಿಸಿ ಮತ್ತೆ ಓದು. ಈಗ ಎಡಬಲ ತಪ್ಪಿತು. ಹಿತ್ತಾಳೆಯ ತಗಡನ್ನು ಕತ್ತರಿಯಲ್ಲಿ ಕತ್ತರಿಸಿ ಒಂದು ಕಾಲಿನ ಅಡಿಗಿಟ್ಟರು. ಮತ್ತೆ ಓದು. ಊಟದ ಹೊತ್ತು ಮೀರಿತು, ಟಾರ್ಚಿನ ಬ್ಯಾಟರಿ ಬದಲಾಯಿತು. ಮೇಲೆ 0.20, ಕೆಳಗೆ 0.25, ಎಡಕ್ಕೆ 0.20, ಬಲಕ್ಕೆ 0.25 ಎಂದು ಓದಿದಾಗ ನನ್ನ ಧ್ವನಿ ನನಗೇ ಪಂಚಾಂಗ ಓದಿದಷ್ಟು ಗಂಭೀರವಾಗಿ ಕೇಳಿಸಿತು. ಸರಿ, ಬಿಗಿಯುವುದು ತಾನೇ ಎಂದೆ. “ಈಗ ಎಲ್ಲಿ ಬಿಗಿಯುವುದು ಮಾರಾಯ್ರೆ? ನೀರಿಗಿಳಿದ ಮೇಲೆ ಇದೆಲ್ಲ ಇನ್ನೊಮ್ಮೆ ಉಂಟು.”

ಉಂಟು ಎಂದದ್ದು ನಿಜವೇ ಆಯಿತು. ದಡದ ಮೇಲೆ ಅಡಿಮರದ ಭಾರದಲ್ಲಿ ಕೂತ ಮರದ ಬೋಟು ಒಂದು ಆಕಾರ, ನೀರು ಸುತ್ತಲಿನಿಂದ ಎತ್ತಿ ಹಿಡಿದಾಗ ಇನ್ನೊಂದು. ಎರಡು ತಿಂಗಳು ಒಣಗಿದ ಹಲಗೆಗಳ ಸಂದು ಮೊದಲು ನೀರು ಬಿಟ್ಟಿತು, ಮರ ಉಬ್ಬಿದ ಮೇಲೆ ತಾನಾಗಿ ಮುಚ್ಚಿಕೊಂಡಿತು. ಆಮೇಲೆ ಮಿಸ್ತ್ರಿ ಮತ್ತೆ ಮಲಗಿದ, ನಾನು ಮತ್ತೆ ಓದಿದೆ. ಕೆಳಗೆ ಇದ್ದ ಹೆಚ್ಚಿನ ಸಂದು ಮೇಲಕ್ಕೆ ಬಂದಿತ್ತು. ಈ ಸಲ ಬೇಗ ಮುಗಿಯಿತು. ಕಡೆಗೆ ಗ್ಲ್ಯಾಂಡಿನ ನಟ್ಟನ್ನು ಪೂರ್ತಿ ಬಿಗಿಯದೆ ಬಿಟ್ಟ. ಶಾಫ್ಟು ತಿರುಗುವಾಗ ಅಲ್ಲಿಂದ ಹನಿ ಹನಿಯಾಗಿ ನೀರು ಒಳಕ್ಕೆ ಬೀಳುತ್ತಿರಬೇಕು, ಬಿದ್ದರೆ ಪ್ಯಾಕಿಂಗ್ ತಣ್ಣಗಿರುತ್ತದೆ. ಒಂದು ಹನಿಯೂ ಬೀಳದಂತೆ ಬಿಗಿದ ಜಾಣರ ಶಾಫ್ಟು ಸವೆದು ಹೋಗುತ್ತದೆ. ಬೋಟಿನೊಳಗೆ ನೀರು ಬರುವುದನ್ನು ನೋಡಿ ಸಮಾಧಾನಪಡಬೇಕಾದ ಜಾಗ ಅದೊಂದೇ.

ನೂಲಹುಣ್ಣಿಮೆಗೆ ಸಮುದ್ರ ಪೂಜೆಯಾಯಿತು. ತಂಡೇಲ ಕಡಲ ದೈವ ಬೊಬ್ಬರ್ಯನಿಗೆ ಹರಕೆ ಹೇಳಿಕೊಂಡು ಬಂದಿದ್ದ, ಏನೆಂದು ಹೇಳಲಿಲ್ಲ. ಅಳಿವೆಯ ಒಳಗೆ ಟ್ರಯಲ್‌ಗೆ ಹೋದಾಗ ನಾನೂ ಹತ್ತಿದೆ, ಹೊಟ್ಟೆ ತೊಳಸುವ ಗಡಿ ದಾಟುವುದಿಲ್ಲ ಎಂಬ ಕರಾರಿನ ಮೇಲೆ. ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಮೀಟರಿನ ಮುಳ್ಳು 2200 ಮುಟ್ಟಬೇಕು. ಮುಟ್ಟದಿದ್ದರೆ ಫ್ಯಾನು ಭಾರ, ಸುಲಭವಾಗಿ ದಾಟಿದರೆ ಫ್ಯಾನು ಹಗುರ. ಮುಳ್ಳು 2200ರ ಹತ್ತಿರ ಹೋಗಿ ಸ್ವಲ್ಪ ಯೋಚಿಸಿ ಮುಟ್ಟಿತು. ಹೊಗೆ ಇಲ್ಲ. ತಂಡೇಲನಿಗೆ ಸಮಾಧಾನವೂ ಇಲ್ಲ. ಹೊಸದಕ್ಕೆ ಆಯಾಸ ಬೇಡವೆಂದು ಅವನು ವೇಗ ಇಳಿಸಿ ಮೆಲ್ಲಗೆ ಓಡಿಸತೊಡಗಿದ್ದೇ ತಡ ಮಿಸ್ತ್ರಿಗೆ ಸಿಟ್ಟು ಬಂತು. ಹೊಸ ಡೀಸೆಲ್ ಎಂಜಿನ್ನಿಗೆ ಮೊದಲ ಐವತ್ತು ಗಂಟೆ ಹದವಾದ ಹೊರೆ ಬೀಳಲೇಬೇಕು. ಆಗಲೇ ರಿಂಗು ಲೈನರಿಗೆ ಕೂಡಿ ಕೂರುವುದು. ಮುದ್ದು ಮಾಡಿ ಸುಮ್ಮನೆ ಗುರುಗುಟ್ಟಿಸಿದರೆ ಲೈನರು ಗಾಜಿನಷ್ಟು ನುಣುಪಾಗಿ, ಹುಟ್ಟುವಾಗಲೇ ಆಯಿಲ್ ಕುಡಿಯುವ ಚಟ ಕಲಿಯುತ್ತದೆ. ತಂಡೇಲ ವೇಗ ಏರಿಸಿದ. ಆದರೆ ಅವನ ಕಿವಿಗೆ ಅದು ಹಿಡಿಸಲಿಲ್ಲ. ಹಳೆಯದರಲ್ಲಿ ಬಲೆಗೆ ಕಲ್ಲು ಸಿಕ್ಕರೆ, ನೀರು ನಿಂತರೆ, ಫ್ಯಾನಿಗೆ ಹಗ್ಗ ಸುತ್ತಿದರೆ ನಿದ್ದೆಯಲ್ಲೂ ಅವನಿಗೆ ಗೊತ್ತಾಗುತ್ತಿತ್ತು. ಇದರಲ್ಲಿ ಎಲ್ಲ ಸದ್ದೂ ಒಂದೇ. ಕೆಲವು ವಾರ ಅವನು ಕಡಲಲ್ಲಿ ಕಣ್ಣು ಮುಚ್ಚಲಿಲ್ಲವೆಂದು ಕಲಾಸಿಗಳು ಹೇಳಿದರು.

ಹಳೇ ಎಂಜಿನ್ ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋಯಿತು. ಹೀಟ್ ಎಕ್ಸ್‌ಚೇಂಜರಿನ ಒಳಗಿನ ತಾಮ್ರ ಬೆರೆತ ಕೊಳವೆಗಳಿಗೆ ಕಿಲೋಗೆ ಸಿಕ್ಕ ರೇಟು ಅಷ್ಟು ದುಡಿದ ಕಬ್ಬಿಣದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇದರಲ್ಲಿ ನ್ಯಾಯವೇನೂ ಕಾಣಲಿಲ್ಲ, ಜಮಾ ಬರೆದುಕೊಂಡೆ.

ಈಗ ನಮ್ಮ ಬೋಟು ಮೊದಲಿಗಿಂತ ಅರ್ಧ ನಾಟು ಜೋರು ಹೋಗುತ್ತದೆ, ಬಲೆ ಚೆನ್ನಾಗಿ ಎಳೆಯುತ್ತದೆ, ಏಲಂಗೆ ಇನ್ನೂ ನಡುವಿನ ಹೊತ್ತಿಗೇ ಬರುತ್ತದೆ. ದಕ್ಕೆಯ ಚಹದಂಗಡಿಯಲ್ಲಿ ಭಾವನ ಮುಂದೆ ಮೊನ್ನೆ ಪಕ್ಕದ ಬೋಟಿನ ಎಳೆಯ ಮಾಲಕನೊಬ್ಬ ಕೂತಿದ್ದ. ಅವನ ಎಂಜಿನ್ನೂ ನೀಲಿ ಹೊಗೆ ಬಿಡಲು ಶುರು ಮಾಡಿದೆ. ನಿಮ್ಮದು ಎಷ್ಟು ಎಚ್‌ಪಿ ಎಂದು ಕೇಳಿದ. ಭಾವ ಗ್ಲಾಸು ಕೆಳಗಿಟ್ಟು, ಮೀಸೆ ಒರೆಸಿಕೊಂಡು, “ಇನ್ನೂರರ ಹತ್ತಿರ ಬರ್ತದೆ” ಎಂದ. ಪಕ್ಕದಲ್ಲಿ ಬಲೆಯ ಕಣ್ಣು ಹೆಣೆಯುತ್ತಿದ್ದ ತಂಡೇಲ ತಲೆ ಎತ್ತದೆ, “ಇಳಿತ ಇರುವಾಗ, ಹೊರಗೆ ಹೋಗುವಾಗ” ಎಂದು ಸೇರಿಸಿದ.